ಆಟಿಸಂ ಇರುವ ಮಗುವಿಗೆ ಶಾಲೆಯಲ್ಲಿ ನೆರವು: ವಕೀಲರ ಸಹಾಯ ಪಡೆಯುವುದು ಹೇಗೆ?

ಉಡುಪಿ: ಆಟಿಸಂ ಅಥವಾ ಸ್ವಲೀನತೆ ಇರುವ ಮಗುವಿಗೆ ಪ್ರವೇಶ ನೀಡುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಡುವ ಶಾಲೆ ಅಪರೂಪ. ಸೀಟು ಭರ್ತಿಯಾಗಿದೆ, ವಿಶೇಷ ಶಿಕ್ಷಕರಿಲ್ಲ, ಉಳಿದ ಮಕ್ಕಳ ಹೆತ್ತವರು ಆಕ್ಷೇಪಿಸುತ್ತಾರೆ, ವಿಶೇಷ ಶಾಲೆಯೇ ನಿಮ್ಮ ಮಗುವಿಗೆ ಒಳ್ಳೆಯದು ಎಂಬಂತಹ ಮಾತುಗಳು ಮುಖ್ಯೋಪಾಧ್ಯಾಯರ ಕೊಠಡಿಯಲ್ಲೇ ಮುಗಿದುಹೋಗುತ್ತವೆ. ದಾಖಲೆಯೇ ಇಲ್ಲದ ಇಂತಹ ನಿರಾಕರಣೆಯನ್ನು ಮುಂದೆ ಯಾವ ಕಚೇರಿಯಲ್ಲಿಯೂ ಪ್ರಶ್ನಿಸುವುದು ಕಷ್ಟ. ಅಷ್ಟರಲ್ಲಿ ಮಗುವಿನ ಒಂದು ವರ್ಷ ಕಳೆದಿರುತ್ತದೆ.

ವಕೀಲರ ಅಗತ್ಯ ಬರುವುದು ಮುಖ್ಯವಾಗಿ ಈ ಹಂತದಲ್ಲಿ. ವಕೀಲರೆಂದರೆ ಕೋರ್ಟು, ಕೋರ್ಟೆಂದರೆ ವರ್ಷಗಟ್ಟಲೆ ಅಲೆದಾಟ ಎಂಬ ಭಯದಿಂದ ಹಲವು ಹೆತ್ತವರು ಹಿಂದೆ ಸರಿಯುತ್ತಾರೆ. ಆದರೆ ಶಾಲಾ ನೆರವಿನ ವಿಷಯದಲ್ಲಿ ವಕೀಲರ ಕೆಲಸದ ಬಹುಪಾಲು ನಡೆಯುವುದು ಕೋರ್ಟಿನ ಹೊರಗೆ. ಬಾಯಿಮಾತನ್ನು ಕಾಗದಕ್ಕಿಳಿಸುವುದು, ಸರಿಯಾದ ಕಲಮನ್ನು ಸರಿಯಾದ ಅಧಿಕಾರಿಯ ಮುಂದಿಡುವುದು, ಉತ್ತರಕ್ಕೆ ಗಡುವು ಹಾಕುವುದು ಅವರ ಮೊದಲ ಕೆಲಸ. ಈ ನೆರವು ಉಚಿತವಾಗಿ ದೊರೆಯುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಆದಾಯದ ಮಿತಿ ಇಲ್ಲ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು ಹಾಗೂ ಅಂಗವಿಕಲ ವ್ಯಕ್ತಿಗಳು ಉಚಿತ ಕಾನೂನು ಸೇವೆಗೆ ಅರ್ಹರು. ಈ ಮೂರೂ ವರ್ಗಗಳಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಆಟಿಸಂ ಇರುವ ಮಗು ಮಗುವೆಂಬ ಕಾರಣಕ್ಕೂ ಅರ್ಹ, ಅಂಗವೈಕಲ್ಯದ ಕಾರಣಕ್ಕೂ ಅರ್ಹ. ತಾಯಿ ತನ್ನ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸಬಹುದು. ತಂದೆ ಬ್ಯಾಂಕಿನಲ್ಲಿ ಉದ್ಯೋಗಿಯಾಗಿರಲಿ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರಲಿ, ಅದು ಅಡ್ಡಿಯಾಗದು.

ಉಡುಪಿ ಮತ್ತು ಮಣಿಪಾಲದವರು ಉಡುಪಿಯ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಕಾರ್ಕಳದವರು ಅಲ್ಲಿನ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಕಾಪುವಿನವರಿಗೂ ಉಡುಪಿಯ ಪ್ರಾಧಿಕಾರದ ಬಾಗಿಲು ತೆರೆದಿದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ರಾಷ್ಟ್ರೀಯ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು. ನೇಮಕಗೊಂಡ ವಕೀಲರ ಶುಲ್ಕ, ನ್ಯಾಯಾಲಯ ಶುಲ್ಕ, ದಾಖಲೆಗಳ ನಕಲಿನ ವೆಚ್ಚವನ್ನು ಪ್ರಾಧಿಕಾರವೇ ಭರಿಸುತ್ತದೆ. ವ್ಯಾಜ್ಯ ದಾಖಲಾಗುವ ಮೊದಲೇ ಎರಡೂ ಕಡೆಯವರನ್ನು ಕರೆದು ಮಾತನಾಡಿಸುವ ಅವಕಾಶವೂ ಈ ವ್ಯವಸ್ಥೆಯಲ್ಲಿದೆ. ಶಾಲೆಯೊಡನೆ ಸಂಬಂಧ ಕೆಡಿಸಿಕೊಳ್ಳಲು ಇಷ್ಟಪಡದ ಹೆತ್ತವರಿಗೆ ಇದೇ ಉತ್ತಮ ದಾರಿ.

ಪ್ಯಾನೆಲಿನಲ್ಲಿರುವ ಎಲ್ಲ ವಕೀಲರಿಗೂ ಅಂಗವಿಕಲರ ಕಾನೂನಿನ ಪರಿಚಯ ಇರುತ್ತದೆ ಎಂದು ಭಾವಿಸಬೇಕಾಗಿಲ್ಲ. ಜಾಗದ ತಕರಾರು, ಚೆಕ್ ಬೌನ್ಸ್, ಜೀವನಾಂಶದ ಪ್ರಕರಣಗಳ ನಡುವೆ ಇಂತಹ ಕಡತ ಅವರ ಕೈಗೆ ಬರುವುದು ಅಪರೂಪ. 2016ರ ಕಾಯ್ದೆಯ 2, 3, 16, 17 ಮತ್ತು 31ನೇ ಕಲಮುಗಳ ಪ್ರತಿಯನ್ನು ಹೆತ್ತವರೇ ಮೊದಲ ಭೇಟಿಯಲ್ಲಿ ಕೊಂಡೊಯ್ದರೆ ಕೆಲಸ ಬೇಗ ಸಾಗುತ್ತದೆ.

ಕಾಯ್ದೆಯಲ್ಲಿ ಏನಿದೆ?

1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದ ಏಳು ವಿಧಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತಾದರೂ ಶಾಲೆಯ ಹಕ್ಕುಗಳು ಸ್ಪಷ್ಟವಾಗಿ ದೊರೆತದ್ದು 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿಂದ.

ಈ ಕಾಯ್ದೆಯ 16ನೇ ಕಲಮು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ತಾರತಮ್ಯವಿಲ್ಲದ ಪ್ರವೇಶ, ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಹಾಗೂ ವೈಯಕ್ತಿಕ ಬೆಂಬಲದ ಬಗ್ಗೆ ಹೇಳುತ್ತದೆ. ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು 2ನೇ ಕಲಮಿನ ವ್ಯಾಖ್ಯೆ ಸಾರುತ್ತದೆ. 31ನೇ ಕಲಮಿನಂತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಇಲ್ಲಿ ಆಯ್ಕೆ ಮಗುವಿನದು, ಶಾಲೆಯದಲ್ಲ. ಪಾಂಬೂರಿನ ಮಾನಸ, ಕಾರ್ಕಳದ ವಿಜೇತ ಮುಂತಾದ ವಿಶೇಷ ಶಾಲೆಗಳು ಜಿಲ್ಲೆಯಲ್ಲಿವೆ ಎಂಬುದನ್ನೇ ಮುಂದಿಟ್ಟು ಸಾಮಾನ್ಯ ಶಾಲೆ ಮಗುವನ್ನು ಅತ್ತ ಕಳುಹಿಸಲು ಬರುವುದಿಲ್ಲ. ಅಂತೆಯೇ, ಕುಟುಂಬ ತಾನಾಗಿಯೇ ವಿಶೇಷ ಶಾಲೆಯನ್ನು ಆರಿಸಿಕೊಂಡರೆ ಅದೂ ಹಕ್ಕಿನ ಭಾಗವೇ. 2012ರಲ್ಲಿ ತಿದ್ದುಪಡಿಯಾದ ಶಿಕ್ಷಣ ಹಕ್ಕು ಕಾಯ್ದೆಯು ಬಹುವಿಧ ಹಾಗೂ ತೀವ್ರ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶ ನೀಡಿತು. ಅದೂ ಕುಟುಂಬದ ಆಯ್ಕೆಯೇ ಹೊರತು ಮಗುವನ್ನು ಮನೆಗೆ ಕಳುಹಿಸಲು ಶಾಲೆಗೆ ಸಿಕ್ಕ ಪರವಾನಗಿಯಲ್ಲ.

ಕಾಯ್ದೆಯಲ್ಲಿ ಸಡಿಲ ಪದಗಳೂ ಇವೆ. 16ನೇ ಕಲಮು ಸರಕಾರಕ್ಕೆ ಹೇಳುವುದು ಶಾಲೆಗಳು ಇದನ್ನೆಲ್ಲ ಒದಗಿಸುವಂತೆ "ಪ್ರಯತ್ನಿಸತಕ್ಕದ್ದು" ಎಂದಷ್ಟೆ. ಶಾಲೆಯ ಪರ ವಕೀಲರು ಈ ಪದವನ್ನೇ ಹಿಡಿದು ವಾದಿಸಬಹುದು. ಆದುದರಿಂದ ತಾರತಮ್ಯವನ್ನು ನೇರವಾಗಿ ನಿಷೇಧಿಸುವ 3ನೇ ಕಲಮನ್ನು ಜೊತೆಗೆ ಉಲ್ಲೇಖಿಸುವುದು ಜಾಣತನ.

ಕರಾವಳಿಯಲ್ಲಿ ಮತ್ತೊಂದು ತೊಡಕಿದೆ. ಇಲ್ಲಿನ ಹಲವು ಶಾಲೆಗಳನ್ನು ನಡೆಸುತ್ತಿರುವುದು ಅಲ್ಪಸಂಖ್ಯಾತ ಸಂಸ್ಥೆಗಳು. ಇವುಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ಮರುಪರಿಶೀಲನೆಗೆ ಒಪ್ಪಿಸಿತು. ಇಂತಹ ಶಾಲೆಗೆ ಬರೆಯುವ ಪತ್ರದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯನ್ನೇ ನೆಚ್ಚಿಕೊಂಡರೆ ಮೊದಲ ಉತ್ತರದಲ್ಲೇ ಅರ್ಜಿ ಬಿದ್ದುಹೋಗಬಹುದು. ಮಾನ್ಯತೆ ಪಡೆದ ಎಲ್ಲ ಶಾಲೆಗಳನ್ನು ಉದ್ದೇಶಿಸಿರುವ 2016ರ ಕಾಯ್ದೆಯನ್ನು ಆಧಾರವಾಗಿಟ್ಟುಕೊಳ್ಳುವುದೇ ಸರಿ. 9 ಮತ್ತು 10ನೇ ತರಗತಿಗೂ ಇದೇ ಮಾತು: ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಂತರೆ ಇದು 18ರ ತನಕ ಕೈಹಿಡಿಯುತ್ತದೆ.

ವರದಿಯಲ್ಲಿ ಹೆಸರಿದ್ದರೆ ಸಾಲದು

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಹತ್ತಿರದ ಸರಕಾರಿ ಕೇಂದ್ರ. ಆಟಿಸಂ ಅಳೆಯಲು ಕೇಂದ್ರ ಸರಕಾರ 2016ರಲ್ಲಿ ಐಸಾ ಎಂಬ 40 ಅಂಶಗಳ ಭಾರತೀಯ ಮಾಪನವನ್ನು ಗೊತ್ತುಪಡಿಸಿತು. ಅದರಲ್ಲಿ 70 ಅಂಕ ಬಂದರೆ ಶೇ. 40ರಷ್ಟು ಅಂಗವೈಕಲ್ಯ ಎಂದು ಲೆಕ್ಕ.

ಪ್ರಮಾಣಪತ್ರ ಬರುವ ತನಕ ಏನೂ ಮಾಡುವಂತಿಲ್ಲ ಎಂಬ ಮಾತು ಸರಿಯಲ್ಲ. ಶೇ. 40ರ ಮಿತಿ ಇರುವುದು ಉಚಿತ ಶಿಕ್ಷಣ, ಮೀಸಲಾತಿಯಂತಹ ಕೆಲವು ಸೌಲಭ್ಯಗಳಿಗೆ ಮಾತ್ರ. ತಾರತಮ್ಯ ನಿಷೇಧ ಹಾಗೂ ಸೂಕ್ತ ಹೊಂದಾಣಿಕೆಯ ಹಕ್ಕಿಗೆ ಶೇಕಡಾವಾರು ಮಿತಿ ಇಲ್ಲ. ಬರಹಗಾರರ ಸಹಾಯ ಪಡೆಯಲು ಶೇ. 40ರ ಮಿತಿ ಕಡ್ಡಾಯವಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಇದೇ ತತ್ವದ ಮೇಲೆ.

ಪ್ರಮಾಣಪತ್ರ ಮಗುವಿಗೆ ಆಟಿಸಂ ಇದೆ ಎಂದಷ್ಟೇ ಹೇಳುತ್ತದೆ. ತರಗತಿಯಲ್ಲಿ ಏನು ಬೇಕು ಎಂಬುದನ್ನು ಹೇಳಬೇಕಾದುದು ತಜ್ಞರ ವರದಿ. ಮಣಿಪಾಲದಲ್ಲಿ ಮಾತು ಮತ್ತು ಶ್ರವಣ, ಆಕ್ಯುಪೇಷನಲ್ ಥೆರಪಿ, ಕ್ಲಿನಿಕಲ್ ಸೈಕಾಲಜಿ ವಿಭಾಗಗಳು ಇರುವುದು ಜಿಲ್ಲೆಯ ಹೆತ್ತವರ ಪಾಲಿಗೆ ಅನುಕೂಲ. ಅಲ್ಲಿಂದಾಗಲಿ ಬೇರೆಡೆಯಿಂದಾಗಲಿ ವರದಿ ಪಡೆಯುವಾಗ "ವಿಶೇಷ ಗಮನ ಅಗತ್ಯ" ಎಂಬ ಒಂದು ಸಾಲಿಗೆ ತೃಪ್ತರಾಗಬಾರದು. ಸೂಚನೆಯನ್ನು ಬರೆದು ಅಥವಾ ಚಿತ್ರದಲ್ಲಿ ತೋರಿಸಬೇಕು, ಬೆಳಗ್ಗಿನ ಪ್ರಾರ್ಥನೆಯ ವೇಳೆ ಧ್ವನಿವರ್ಧಕದಿಂದ ದೂರ ನಿಲ್ಲಲು ಬಿಡಬೇಕು, ದಿನಕ್ಕೆ ಎರಡು ಬಾರಿ ಶಾಂತವಾದ ಕೋಣೆಯಲ್ಲಿ ವಿರಾಮ ಕೊಡಬೇಕು ಎಂಬಷ್ಟು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ವಕೀಲರು ಪತ್ರದಲ್ಲಿ ಎತ್ತಿ ಬರೆಯುವುದು ಈ ಸಾಲುಗಳನ್ನೇ. ವರದಿಯಲ್ಲಿ ಇಲ್ಲದ್ದನ್ನು ಅವರು ಕೇಳಿದರೆ ಅದಕ್ಕೆ ತೂಕವಿರದು.

ಅಮೆರಿಕದಿಂದ ಊರಿಗೆ ಮರಳಿದ ಕುಟುಂಬಗಳು ಶಾಲೆಯಲ್ಲಿ ಮೊದಲು ಕೇಳುವುದು ಐಇಪಿ ಸಭೆಯ ಬಗ್ಗೆ. ಅಲ್ಲಿ 1975ರ ಕಾನೂನಿನಿಂದಲೇ ಪ್ರತಿ ಮಗುವಿಗೆ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ ಕಡ್ಡಾಯವಾಯಿತು. ಸಭೆಯಲ್ಲಿ ಹೆತ್ತವರ ಪರವಾಗಿ ಕುಳಿತು ಮಾತನಾಡುವ, ವಕೀಲರಲ್ಲದ ಅಡ್ವೊಕೇಟರ ವೃತ್ತಿಯೇ ಬೆಳೆದಿದೆ. ನಮ್ಮ ಕಾಯ್ದೆಯಲ್ಲಿ ಅಂತಹ ಸಭೆಯ ವಿಧಿ ಇಲ್ಲ. ಆದರೆ ವೈಯಕ್ತಿಕ ಬೆಂಬಲ ಎಂಬ ಮಾತು ಇರುವುದರಿಂದ ಲಿಖಿತ ಯೋಜನೆಯನ್ನು ಕೇಳಲು ಅಡ್ಡಿಯಿಲ್ಲ. ಸಭೆಗೆ ಹೆತ್ತವರು ಒಬ್ಬರೇ ಹೋಗಬೇಕೆಂದೂ ಇಲ್ಲ. ಥೆರಪಿಸ್ಟ್, ವಲಯದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರು ಇವರಲ್ಲಿ ಒಬ್ಬರು ಜೊತೆಗಿದ್ದರೂ ಮಾತಿನ ಧಾಟಿ ಬದಲಾಗುತ್ತದೆ. ಗ್ರಾಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಬಹುದು.

ಪತ್ರ ಬರೆಯುವ ಕ್ರಮ

ಮೊದಲ ಪತ್ರ ವಕೀಲರ ನೋಟಿಸು ಆಗಬೇಕಾಗಿಲ್ಲ, ಆಗದಿದ್ದರೇ ಒಳ್ಳೆಯದು. ವಕೀಲರು ಕರಡು ತಯಾರಿಸಿ, ಹೆತ್ತವರು ಸಹಿ ಹಾಕಿ, ಶಾಲೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಗೂ ದಿನಾಂಕ ಪಡೆದರೆ ಸಾಕು. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಶಾಲೆ ಹೇಳಿದ ಮಾತನ್ನು ದಿನಾಂಕ ಸಹಿತ ದಾಖಲಿಸಿ, ಬೇಕಾದ ಹೊಂದಾಣಿಕೆಗಳನ್ನು ವರದಿಯಂತೆ ಪಟ್ಟಿ ಮಾಡಿ, 15 ದಿನಗಳಲ್ಲಿ ಲಿಖಿತ ಉತ್ತರ ಕೋರುವುದು ರೂಢಿ. ಪ್ರವೇಶ ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂಬ ಕೊನೆಯ ಸಾಲು ಬಹಳ ಸಲ ಫಲ ಕೊಡುತ್ತದೆ. ಬಾಯಿಯಲ್ಲಿ ಹೇಳಿದ ಕಾರಣವನ್ನು ಸಹಿ ಹಾಕಿ ಕೊಡಲು ಸಂಸ್ಥೆಗಳು ಹಿಂಜರಿಯುತ್ತವೆ.

ಶಾಲೆಯ ಯುಡೈಸ್ ದಾಖಲೆಯಲ್ಲಿ ಮಗುವನ್ನು ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಿಸುವಂತೆ ಇದೇ ಪತ್ರದಲ್ಲಿ ಕೇಳಬೇಕು. ಇಲಾಖೆಯ ಲೆಕ್ಕದಲ್ಲಿ ಮಗುವೇ ಇಲ್ಲದಿದ್ದರೆ ಸಮಗ್ರ ಶಿಕ್ಷಣದ ನೆರವು ಅದರ ಹೆಸರಿಗೆ ಬರುವುದಾದರೂ ಹೇಗೆ?

ವಿಶೇಷ ಶಿಕ್ಷಕರಿಲ್ಲ ಎಂಬ ಉತ್ತರಕ್ಕೂ ಮರುತ್ತರವಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದ ಬಳಿಕ, 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಅಧಿಸೂಚಿಸಿತು. ರಾಜ್ಯಗಳು ಹುದ್ದೆಗಳನ್ನು ಪ್ರಕಟಿಸಬೇಕೆಂದು 2025ರ ಮಾರ್ಚಿನಲ್ಲಿ ನ್ಯಾಯಾಲಯ ಮತ್ತೆ ಆದೇಶಿಸಿತು. ವಕೀಲರ ಪತ್ರದಿಂದ ನಾಳೆಯೇ ಶಿಕ್ಷಕರು ನೇಮಕವಾಗುವುದಿಲ್ಲ. ಆದರೆ ಶಿಕ್ಷಕರ ಕೊರತೆ ಮಗುವಿನ ತಪ್ಪಲ್ಲ ಎಂಬುದು ದಾಖಲಾಗುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳ ವಿವರವನ್ನು ಮಾಹಿತಿ ಹಕ್ಕಿನಡಿ 10 ರೂ. ಶುಲ್ಕದಲ್ಲಿ ಕೇಳಬಹುದು; 30 ದಿನಗಳೊಳಗೆ ಉತ್ತರ ಬರಬೇಕು.

ಭಾಷೆಗಳ ಹೊರೆ

ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ತರಗತಿಯಲ್ಲಿ ಇಂಗ್ಲಿಷ್, ಜೊತೆಗೆ ಕನ್ನಡ, ಹಿಂದಿ. ಉಡುಪಿಯ ಸಾಮಾನ್ಯ ಮಗು ಇದನ್ನು ಹೇಗೋ ನಿಭಾಯಿಸುತ್ತದೆ. ಮಾತೇ ಕಷ್ಟವಾಗಿರುವ ಮಗುವಿಗೆ ನಾಲ್ಕು ಭಾಷೆಗಳು ದೊಡ್ಡ ಹೊರೆ. 17ನೇ ಕಲಮು ಹೆಚ್ಚುವರಿ ಸಮಯ, ಬರಹಗಾರರ ಸೌಲಭ್ಯದ ಜೊತೆಗೆ ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯನ್ನೂ ಹೆಸರಿಸಿದೆ. ಎಸೆಸೆಲ್ಸಿ ಪರೀಕ್ಷೆಯ ರಿಯಾಯಿತಿಗೆ ಅರ್ಜಿ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಹೋಗಬೇಕು. ಸಿಬಿಎಸ್‌ಇ ಶಾಲೆಗಳಲ್ಲಿ 9ನೇ ತರಗತಿಯ ನೋಂದಣಿಯ ಹೊತ್ತಿಗೇ ಎಚ್ಚರ ಬೇಕು; ಆ ಮಂಡಳಿ 3 ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ನೀಡುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ವಕೀಲರ ಬಳಿಗೆ ಓಡುವ ಬದಲು ಎಂಟನೇ ತರಗತಿಯಲ್ಲೇ ಪತ್ರ ಕೊಡುವುದು ಲೇಸು. ಅವಿಭಜಿತ ದಕ್ಷಿಣ ಕನ್ನಡದ ಕೆಲವು ಶಾಲೆಗಳಲ್ಲಿ 2010ರಿಂದ ತುಳು ಐಚ್ಛಿಕ ತೃತೀಯ ಭಾಷೆಯಾಗಿದೆ. ತುಳು ಮನೆಮಾತಿನ ಮಗುವಿಗೆ, ಶಾಲೆಯಲ್ಲಿ ಆ ಸೌಲಭ್ಯವಿದ್ದರೆ, ಅದೂ ಒಂದು ದಾರಿ.

ಉತ್ತರ ಬಾರದಿದ್ದರೆ

ಮುಂದಿನ ಹೆಜ್ಜೆ ಕ್ಷೇತ್ರ ಶಿಕ್ಷಣಾಧಿಕಾರಿ, ಬಳಿಕ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಯಲ್ಲಿ ಮನವಿ ಕೊಡುವಾಗ ಪ್ರತಿಯನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೂ ಸಲ್ಲಿಸಬೇಕು. ಮಗುವಿಗೆ ಹೊಡೆತ, ಮಾನಸಿಕ ಹಿಂಸೆ, ಒತ್ತಾಯದಿಂದ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದಂತಹ ಪ್ರಕರಣಗಳಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊರೆ ಹೋಗಬಹುದು.

ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ. ದೂರು ಅಂಚೆಯಲ್ಲಿ ಕಳುಹಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಆಯುಕ್ತರಿಗಿದೆ. ಆದರೆ ಅವರು ಕೊಡುವುದು ಶಿಫಾರಸು. ಅದರ ಮೇಲೆ ಕೈಗೊಂಡ ಕ್ರಮವನ್ನು ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳಲ್ಲಿ ತಿಳಿಸಬೇಕು. ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ 10,000 ರೂ. ವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂ. ವರೆಗೆ ದಂಡವಿದೆ. ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನ ಮಾಡಿದರೆ 92ನೇ ಕಲಮಿನಡಿ ಜೈಲು ಶಿಕ್ಷೆಗೂ ಅವಕಾಶವಿದೆ. ಅದನ್ನು ಬೆದರಿಕೆಯಾಗಿ ಬಳಸಿದರೆ ಮಗು ದಿನವೂ ಹೋಗಬೇಕಾದ ತರಗತಿಯ ವಾತಾವರಣವೇ ಕೆಡುತ್ತದೆ ಎಂಬುದನ್ನು ಅನುಭವಿ ವಕೀಲರು ಮೊದಲೇ ಹೇಳುತ್ತಾರೆ.

ಎಲ್ಲ ದಾರಿಗಳೂ ಮುಚ್ಚಿದರೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಉಡುಪಿ ಜಿಲ್ಲೆಯ ಅರ್ಜಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ಹೈಕೋರ್ಟಿನ ಕಾನೂನು ಸೇವಾ ಸಮಿತಿಯ ಮೂಲಕ ಅಲ್ಲಿಯೂ ಉಚಿತ ವಕೀಲರು ದೊರೆಯುತ್ತಾರೆ. ಶಾಲೆಗಳು ಮೇ ಕೊನೆ, ಜೂನ್ ಆರಂಭದಲ್ಲಿ ತೆರೆಯುವುದರಿಂದ ಮಧ್ಯಂತರ ಆದೇಶ ಕೋರುವವರು ಬೇಸಗೆ ರಜೆಗೆ ಮುನ್ನವೇ ಕಡತ ಸಿದ್ಧಪಡಿಸಿಕೊಳ್ಳಬೇಕು. ಮೊಹರು ಬಿದ್ದ ಪತ್ರ, ಅಂಚೆ ರಶೀದಿ, ತಜ್ಞರ ವರದಿ, ಅಧಿಕಾರಿಗಳಿಗೆ ಕೊಟ್ಟ ಮನವಿಗಳ ಪ್ರತಿ ಇವಿಷ್ಟು ದಿನಾಂಕದ ಕ್ರಮದಲ್ಲಿ ಜೋಡಿಸಿದ್ದರೆ ಬೆಂಗಳೂರಿನ ವಕೀಲರು ಕೇಳುವ ಹೆಚ್ಚಿನ ದಾಖಲೆಗಳು ಅದರಲ್ಲೇ ಇರುತ್ತವೆ.