ನಕ್ಷತ್ರ ಮಸುಕಾಗುವ ಹೊತ್ತು: ಬಿಸಿ ಗುರುಗಳ ಶೋಧ ಮತ್ತು ಹೈದರಾಬಾದ್

ನವಾಬ್ ಜಫರ್ ಜಂಗ್ 1901ರಲ್ಲಿ ಹೈದರಾಬಾದಿನಲ್ಲಿ 15 ಇಂಚಿನ ಗ್ರಬ್ ದೂರದರ್ಶಕ ತರಿಸಿ, ಸ್ವಂತ ಹಣದಲ್ಲಿ ವೀಕ್ಷಣಾಲಯ ಕಟ್ಟಿದರು. ನಿಜಾಮರ ಗೌರವಾರ್ಥ ಅದಕ್ಕೆ ನಿಜಾಮಿಯಾ ಎಂಬ ಹೆಸರಾಯಿತು. ನವಾಬರು ತೀರಿಕೊಂಡ ಮೇಲೆ 1908ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ಸಾಗಿಸಿತು. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಸಂಸ್ಥಾನದ ಜಿಲ್ಲೆಗಳಾದ್ದರಿಂದ ಇದು ನಮ್ಮ ಸೀಮೆಯ ಚರಿತ್ರೆಯೂ ಹೌದು. ಇಡೀ ಆಕಾಶವನ್ನು ಛಾಯಾಫಲಕಗಳ ಮೇಲೆ ಹಿಡಿಯುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ನಿಜಾಮಿಯಾ ಪಾಲು ಪಡೆಯಿತು. ಚಾಟ್‌ವುಡ್, ಪೊಕಾಕ್, ಆಮೇಲೆ ಟಿ.ಪಿ. ಭಾಸ್ಕರನ್ ಅವರ ಮೇಲ್ವಿಚಾರಣೆಯಲ್ಲಿ ಒಂದೊಂದೇ ನಕ್ಷತ್ರದ ಸ್ಥಾನ ಅಳೆದು ಹನ್ನೆರಡು ಸಂಪುಟಗಳನ್ನು ಹೊರತಂದರು. ಕಾವಲೂರಿನ ವೀಕ್ಷಣಾಲಯ ಕಟ್ಟಿದ ವೈನು ಬಾಪು ಬೆಳೆದದ್ದು ಇದೇ ನಿಜಾಮಿಯಾದ ನೆರಳಿನಲ್ಲಿ. ಅವರ ತಂದೆ ಅಲ್ಲಿನ ಉದ್ಯೋಗಿ.

ಊರು ಬೆಳೆದು ಬೇಗಂಪೇಟೆಯ ರಾತ್ರಿಗಳು ಬೆಳಗಿದಾಗ ಉಸ್ಮಾನಿಯಾ ವಿಶ್ವವಿದ್ಯಾಲಯ ನಗರದ ಹೊರಗೆ, ಜಪಾಲ್-ರಂಗಾಪುರದಲ್ಲಿ 1968ರಲ್ಲಿ 48 ಇಂಚಿನ ದೂರದರ್ಶಕ ಸ್ಥಾಪಿಸಿತು. ಕೆ.ಡಿ. ಅಭ್ಯಂಕರ್ ಅವರ ಕಾಲದಲ್ಲಿ, ಎಂ.ಬಿ.ಕೆ. ಶರ್ಮಾ ಮೊದಲಾದವರ ಕೈಯಲ್ಲಿ, ಅಲ್ಲಿ ನಡೆದ ಮುಖ್ಯ ಕೆಲಸಗಳಲ್ಲೊಂದು ಜೋಡಿ ನಕ್ಷತ್ರಗಳ ಗ್ರಹಣ. ಒಂದನ್ನೊಂದು ಸುತ್ತುವ ಎರಡು ತಾರೆಗಳಲ್ಲಿ ಒಂದು ಇನ್ನೊಂದರ ಮುಂದೆ ಹಾದಾಗ ಬೆಳಕು ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಇಳಿಕೆಯ ಆಳದಿಂದ ತಾರೆಗಳ ಗಾತ್ರದ ಪ್ರಮಾಣ ಸಿಗುತ್ತದೆ. ಬೆಳಕು ತೀರಾ ಕಡಿಮೆಯಾಗುವ ಕ್ಷಣವನ್ನು ವರ್ಷಗಟ್ಟಲೆ ಗುರುತಿಸುತ್ತ ಹೋದರೆ ಸುತ್ತಿನ ಅವಧಿ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯುತ್ತದೆ. ರಾತ್ರಿಯಿಡೀ ಒಂದೇ ನಕ್ಷತ್ರವನ್ನು ಪಕ್ಕದ ನಕ್ಷತ್ರದೊಡನೆ ಹೋಲಿಸಿ ಅಂಕಿ ಬರೆಯುವ ಈ ಕೆಲಸಕ್ಕೆ ಪತ್ರಿಕೆಗಳ ಮುಖಪುಟ ಸಿಗುವುದಿಲ್ಲ. ಆದರೆ ದೂರದ ನಕ್ಷತ್ರಗಳ ಗ್ರಹಗಳನ್ನು ಸಾವಿರಗಟ್ಟಲೆ ಕೊಟ್ಟದ್ದು ಇದೇ ವಿದ್ಯೆ.

ಅದು ಹೀಗೆ ಒದಗಿಬರಬಹುದೆಂದು ಒಬ್ಬರು ಮುಂಚೆಯೇ ಹೇಳಿದ್ದರು. ಖಗೋಳ ವಿಜ್ಞಾನಿ ಆಟೊ ಸ್ಟ್ರೂವ 1952ರಲ್ಲಿ ಬರೆದ ಪುಟ್ಟ ಲೇಖನವೊಂದರಲ್ಲಿ, ಗುರುವಿನಂಥ ದೈತ್ಯ ಗ್ರಹ ತನ್ನ ನಕ್ಷತ್ರಕ್ಕೆ ಭೂಮಿ–ಸೂರ್ಯರ ಅಂತರದ ಐವತ್ತನೇ ಒಂದು ಭಾಗದಷ್ಟು ಹತ್ತಿರ ಯಾಕಿರಬಾರದು ಎಂದು ಕೇಳಿದರು. ಅಂಥ ಗ್ರಹ ನಕ್ಷತ್ರವನ್ನು ಹಿಂದೆಮುಂದೆ ತೂಗಿಸುತ್ತದೆ, ಅದನ್ನು ರೋಹಿತದಲ್ಲಿ ಹಿಡಿಯಬಹುದು. ಅಡ್ಡ ಹಾದರೆ ಬೆಳಕು ಸುಮಾರು ಶೇ. 2ರಷ್ಟು ತಗ್ಗುತ್ತದೆ, ಅದನ್ನೂ ಹಿಡಿಯಬಹುದು ಎಂದರು. ಹೆಚ್ಚು ಜನ ಕಿವಿಗೊಡಲಿಲ್ಲ. ನಮ್ಮ ಸೌರಮಂಡಲದಲ್ಲಿ ಗುರು ದೂರದಲ್ಲಿದೆ, ಅದಕ್ಕೆ ಒಂದು ಸುತ್ತಿಗೆ ಹನ್ನೆರಡು ವರ್ಷ ಬೇಕು. ಎಲ್ಲೆಡೆಯೂ ಹಾಗೆಯೇ ಎಂದು ನಂಬಿ ಹುಡುಕಿದವರು ವರ್ಷಗಟ್ಟಲೆಯ ನಿಧಾನ ತೂಗಾಟಕ್ಕೇ ಕಾದು ಕುಳಿತರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ತಡವಾದದ್ದಕ್ಕೆ ಉಪಕರಣಗಳ ಕೊರತೆಗಿಂತ ಆ ನಂಬಿಕೆಯೇ ಹೆಚ್ಚು ಕಾರಣ.

1995ರ ಅಕ್ಟೋಬರ್‌ನಲ್ಲಿ ಜಿನೀವಾದ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಆ ನಂಬಿಕೆಯನ್ನು ಮುರಿದರು. 51 ಪೆಗಾಸಿ ಎಂಬ ಸೂರ್ಯನಂಥ ನಕ್ಷತ್ರ ಸೆಕೆಂಡಿಗೆ ಐವತ್ತಾರು ಮೀಟರ್ ವೇಗದಲ್ಲಿ ತೂಗುತ್ತಿತ್ತು. ಅವಧಿ 4.2 ದಿನ. ಗುರುವಿನ ಅರ್ಧದಷ್ಟಾದರೂ ತೂಕದ ಗ್ರಹ, ಬುಧನಿಗಿಂತ ಎಷ್ಟೋ ಹತ್ತಿರ, ಸಾವಿರ ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ. ಇಂಥ ಗ್ರಹಗಳೇ ಬಿಸಿ ಗುರುಗಳು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ಶೋಧದ ಹೊಸತರಲ್ಲಿ ಕೆಲವರಿಗೆ ಅನುಮಾನ ಉಳಿದಿತ್ತು: ತೂಗುತ್ತಿರುವುದು ನಕ್ಷತ್ರವೋ, ಅದರ ಮೇಲ್ಮೈಯ ಮಿಡಿತವೋ?

ಅದನ್ನು ಬಗೆಹರಿಸಿದ್ದು ಗ್ರಹಣದ ವಿದ್ಯೆ. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದ ಬೆಳಕು, ರೋಹಿತ ಹೇಳಿದ ಹೊತ್ತಿಗೇ, ಸುಮಾರು ಶೇ. 1.5ರಷ್ಟು ಇಳಿಯಿತು. ಗ್ರಹದ ಅಗಲ ಸಿಕ್ಕಿತು, ತೂಕ ಮೊದಲೇ ಗೊತ್ತಿತ್ತು. ಭಾಗಿಸಿದರೆ ಸಾಂದ್ರತೆ ನೀರಿಗಿಂತ ಕಡಿಮೆ. ಜಪಾಲ್-ರಂಗಾಪುರದಲ್ಲಿ ಜೋಡಿ ತಾರೆಗಳಿಗೆ ಮಾಡುತ್ತಿದ್ದ ಲೆಕ್ಕಕ್ಕೂ ಇದಕ್ಕೂ ಮೂಲದಲ್ಲಿ ಭೇದವಿಲ್ಲ. ಜೋಡಿಯಲ್ಲಿ ಒಂದಕ್ಕೆ ಸ್ವಂತ ಬೆಳಕಿಲ್ಲ, ಅಷ್ಟೇ.

ನಕ್ಷತ್ರಕ್ಕೆ ಅಷ್ಟು ಹತ್ತಿರ ಬಿಸಿ ಗುರುಗಳು ಬಂದದ್ದು ಹೇಗೆಂಬ ಪ್ರಶ್ನೆಗೆ ಇನ್ನೂ ಒಂದೇ ಉತ್ತರವಿಲ್ಲ. ದೂರದಲ್ಲಿ ಹುಟ್ಟಿ ಅನಿಲದ ತಟ್ಟೆಯೊಳಗೆ ಮೆಲ್ಲನೆ ಒಳಸರಿದವು ಎನ್ನುವವರಿದ್ದಾರೆ. ಬೇರೆ ಗ್ರಹಗಳ ಎಳೆತಕ್ಕೆ ಸಿಕ್ಕು ಚಾಚಿದ ಕಕ್ಷೆಗೆ ಬಿದ್ದು ಒಳಬಂದವು ಎನ್ನುವವರೂ ಇದ್ದಾರೆ. ನಕ್ಷತ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುವ ಬಿಸಿ ಗುರುಗಳು ಸಿಕ್ಕ ಮೇಲೆ ಎರಡನೇ ಪಕ್ಷಕ್ಕೆ ಬಲ ಬಂತು.

ವಾತಾವರಣದ ಅಧ್ಯಯನ ಇದಕ್ಕಿಂತ ಬೇಗ ಮುಂದೆ ಸಾಗಿದೆ. ಈ ಗ್ರಹಗಳ ಒಂದೇ ಮಗ್ಗುಲು, ತಿರುವಿಹಾಕದ ರೊಟ್ಟಿಯಂತೆ, ಸದಾ ನಕ್ಷತ್ರದತ್ತ ಇರುತ್ತದೆ. 2007ರಲ್ಲಿ ಸ್ಪಿಟ್ಜರ್ ದೂರದರ್ಶಕ ಎಚ್‌ಡಿ 189733ರ ಗ್ರಹದ ಶಾಖದ ನಕ್ಷೆ ಬಿಡಿಸಿದಾಗ ಅತಿ ಬಿಸಿಯ ಜಾಗ ನಟ್ಟನಡುವೆ ಇರದೆ ಪೂರ್ವಕ್ಕೆ ಸರಿದಿತ್ತು. ಭಾರೀ ಗಾಳಿಯೇ ಅದಕ್ಕೆ ಕಾರಣ. ಇಂಥ ಗ್ರಹಗಳ ವಾತಾವರಣದಲ್ಲಿ ಹಬಲ್ ಮೊದಲು ಹಿಡಿದದ್ದು ಸೋಡಿಯಂ. 2022ರಲ್ಲಿ ಜೇಮ್ಸ್ ವೆಬ್ ವಾಸ್ಪ್-39ರ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡನ್ನು ಸ್ಪಷ್ಟವಾಗಿ ಕಂಡಿತು.

ನಮ್ಮಲ್ಲೂ ಕೆಲಸ ನಡೆದಿದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಪಾರಸ್ ಎಂಬ ರೋಹಿತಲೇಖಿ ಜೋಡಿಸಿ, 2021ರಲ್ಲಿ ಟಿಒಐ-1789ರ ಸುತ್ತ ಬಿಸಿ ಗುರುವೊಂದನ್ನು ಖಚಿತಪಡಿಸಿದರು. ಅದರ ವರ್ಷ 3.2 ದಿನ, ತೂಕ ಗುರುವಿನ ಶೇ. 70, ಅಗಲ ಗುರುವಿನ 1.4 ಪಟ್ಟು. ಹೀಗೆ ಉಬ್ಬಿಕೊಂಡಿರುವುದೇಕೆ ಎಂಬುದು ಈ ಕ್ಷೇತ್ರದ ಹಳೆಯ ಒಗಟು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸುತ್ತಾರೆ. ಅದರಿಂದಲೂ ಕಾವಲೂರಿನಿಂದಲೂ ವಾಸ್ಪ್-12ರಂಥ ನಕ್ಷತ್ರಗಳ ಗ್ರಹಣ ಅಳೆದಿದ್ದಾರೆ.

ಈ ವಾಸ್ಪ್-12ರ ಗ್ರಹದ ಬಳಿ ನಾನು ಕೊಂಚ ನಿಲ್ಲಬೇಕು. 1.09 ದಿನಕ್ಕೊಮ್ಮೆ ಸುತ್ತುವ ಅದು ನಕ್ಷತ್ರದೊಳಕ್ಕೆ ಬೀಳುತ್ತಿದೆ. ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕುಗ್ಗುತ್ತದೆ. ಸಾವಿರಾರು ಸುತ್ತುಗಳಲ್ಲಿ ಅದು ಕೂಡಿಕೊಂಡು ಹತ್ತು ವರ್ಷದಲ್ಲಿ ಗ್ರಹಣ ಕೆಲವು ನಿಮಿಷ ಮುಂಚೆ ಬರುತ್ತದೆ. ಕೆಲವು ದಶಲಕ್ಷ ವರ್ಷಗಳಲ್ಲಿ ಗ್ರಹ ಇಲ್ಲವಾಗುತ್ತದೆ. ಇದನ್ನು ತೋರಿಸಿದ್ದು ಯಾವುದೇ ಒಂದು ಬೃಹತ್ ಉಪಕರಣವಲ್ಲ. ಹಲವು ಕಡೆಯ ಸಾಧಾರಣ ದೂರದರ್ಶಕಗಳು ವರ್ಷಗಟ್ಟಲೆ ಬರೆದಿಟ್ಟ ಗ್ರಹಣದ ವೇಳೆಗಳು. ಬೇಗಂಪೇಟೆಯ ಗುಮ್ಮಟಗಳು ಪಾಳುಬಿದ್ದಿವೆ, ಜಪಾಲ್-ರಂಗಾಪುರದತ್ತ ನಗರದ ಬೆಳಕು ಹರಿದಿದೆ. ಆದರೂ ಅಂಥ ವೇಳೆ ಬರೆಯಲು ತೀರಾ ಕಪ್ಪು ಆಕಾಶ ಬೇಕಿಲ್ಲ. ವಾಸ್ಪ್-12 ಇರುವ ವಿಜಯಸಾರಥಿ ಪುಂಜ ಚಳಿಗಾಲದಲ್ಲಿ ಹೈದರಾಬಾದಿನ ನೆತ್ತಿಯ ಸಮೀಪ ಹಾಯುತ್ತದೆ. 48 ಇಂಚಿನ ದರ್ಪಣಕ್ಕೆ ಶೇ. 1.4ರ ಇಳಿಕೆ ಹಿಡಿಯಲಾಗದ ಕೆಲಸವಲ್ಲ. ವಿದ್ಯಾರ್ಥಿಗಳನ್ನು ಕೂರಿಸಿ ಆ ದಾಖಲೆಯನ್ನು ಮತ್ತೆ ಶುರುಮಾಡಬೇಕು.