ಹದಿಮೂರು ಅಂಕಿಯ ನಂಬರು ಯಾರಿಗೆ?

2018ರ ಫೆಬ್ರವರಿಯಲ್ಲಿ ವಾಟ್ಸಾಪ್ ತುಂಬ ಓಡಾಡಿದ ಸುದ್ದಿ ನೆನಪಿದೆಯಾ? ಜುಲೈ 1ರಿಂದ ಎಲ್ಲರ ಮೊಬೈಲ್ ನಂಬರಿಗೂ 13 ಅಂಕಿಯಂತೆ! ಹೆಂಡತಿಯ ಹತ್ತಂಕಿ ನಂಬರೇ ಬಾಯಿಗೆ ಬಾರದವರೆಲ್ಲ ಹೌಹಾರಿದರು :) ಸುದ್ದಿಗೆ ಮೂಲ ಇಲ್ಲದಿರಲಿಲ್ಲ. ಬಿಎಸ್‌ಎನ್‌ಎಲ್ ತನಗೆ ನೆಟ್‌ವರ್ಕ್ ಉಪಕರಣ ಒದಗಿಸುವ ಕಂಪನಿಗಳಿಗೆ ಬರೆದ ಪತ್ರ ಅದು. ಅದರಲ್ಲಿದ್ದ 'ಎಂ ಟು ಎಂ' ಅನ್ನುವುದನ್ನು ಮಾತ್ರ ಫಾರ್ವರ್ಡ್ ಮಾಡಿದವರು ಓದಿರಲಿಲ್ಲ.

ಎಂ ಟು ಎಂ ಅಂದರೆ ಮಷೀನ್ ಟು ಮಷೀನ್. ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರ, ಬಸ್ಸಿನ ಜಿಪಿಎಸ್, ಹೊಸ ಕರೆಂಟ್ ಮೀಟರು ಇಂಥವುಗಳ ಹೊಟ್ಟೆಯಲ್ಲೂ ಸಿಮ್ ಇರುತ್ತದೆ. ಅವಕ್ಕೂ ನಮ್ಮ ಹಾಗೇ ಹತ್ತಂಕಿಯ ನಂಬರು ಕೊಡುತ್ತಾ ಬಂದಿದ್ದರು. ಮನುಷ್ಯರಿಗಾದರೆ ಒಬ್ಬೊಬ್ಬರಿಗೆ ಒಂದೋ ಎರಡೋ ಸಾಕು, ಯಂತ್ರಗಳಿಗೆ ಲೆಕ್ಕವೆಲ್ಲಿ? ದೂರಸಂಪರ್ಕ ಇಲಾಖೆ 2015ರ ಮೇ ತಿಂಗಳಲ್ಲಿ ಈ ವಿಷಯದ ಮೇಲೆ ಒಂದು ಮಾರ್ಗಸೂಚಿ ಹೊರತಂದಿತು, 2016ರ ಕೊನೆಗೆ ಯಂತ್ರಗಳಿಗೆ 13 ಅಂಕಿ ಎಂದು ತೀರ್ಮಾನಿಸಿತು.

ಹದಿಮೂರೇ ಯಾಕೆ? ಅಂತಾರಾಷ್ಟ್ರೀಯ ನಿಯಮದಂತೆ ದೇಶದ ಕೋಡೂ ಸೇರಿ ಯಾವ ಫೋನ್ ನಂಬರೂ 15 ಅಂಕಿ ಮೀರುವಂತಿಲ್ಲ. ನಮ್ಮ 91 ಎರಡು ಅಂಕಿ ತಿಂದರೆ ಉಳಿಯುವುದು ಸರಿಯಾಗಿ ಹದಿಮೂರು. (ಫೋನ್ ನಂಬರಿನ ಜಾಗಕ್ಕೆ 10 ಅಂತ ಗಟ್ಟಿಯಾಗಿ ಬರೆದಿಟ್ಟ ಪ್ರೋಗ್ರಾಮುಗಳು ದೇಶದಲ್ಲಿ ಎಷ್ಟಿವೆಯೋ ದೇವರೇ ಬಲ್ಲ.)

ನಂಬರಿನದು ಸುಲಭದ ಭಾಗ. ಸಿಮ್ ಕೊಳ್ಳಲು ಫೋಟೋ, ವಿಳಾಸ ಕೊಡಬೇಕಲ್ಲ, ಮೀಟರು ಯಾವ ಫೋಟೋ ಕೊಡುತ್ತದೆ? ಮೀಟರಿನ ಸಿಮ್ ಕಿತ್ತು ಫೋನಿಗೆ ಹಾಕಿ ಯಾರಾದರೂ ಬೆದರಿಕೆ ಕರೆ ಮಾಡಿದರೆ ಪೊಲೀಸರು ಯಾರ ಮನೆ ಬಾಗಿಲು ತಟ್ಟಬೇಕು? 2018ರ ಮೇ ತಿಂಗಳ ಆದೇಶ ಇದಕ್ಕೆ ಉತ್ತರ ಹುಡುಕಿತು. ಸಿಮ್ ಸಂಸ್ಥೆಯ ಹೆಸರಿನಲ್ಲಿರಬೇಕು, ಆದರೆ ಯಂತ್ರ ಈಗ ಯಾರ ಕೈಯಲ್ಲಿದೆ ಎಂಬ ವಿವರವನ್ನೂ ಇಟ್ಟುಕೊಳ್ಳಬೇಕು. ಕಾರು ಮಾರಿದರೆ ಆ ವಿವರವೂ ಬದಲಾಗಬೇಕು. ಜೊತೆಗೆ ಆ ಸಿಮ್ಮಿನಿಂದ ಕರೆ, ಎಸ್ಸೆಮ್ಮೆಸ್ಸು ಎಲ್ಲ ಮೊದಲೇ ಗೊತ್ತುಮಾಡಿದ ಕೆಲವೇ ನಂಬರುಗಳಿಗೆ ಮಾತ್ರ.

ನನಗೆ ಇಷ್ಟವಾಗಿದ್ದು ಈ ಕೊನೆಯ ಮಾತು. ಯಂತ್ರ ಅಂದರೇನು ಅಂತ ಪುಟಗಟ್ಟಲೆ ವ್ಯಾಖ್ಯಾನ ಬರೆಯಬಹುದು, ನಾಳೆ ಹೊಸದೊಂದು ಪೆಟ್ಟಿಗೆ ಬಂದರೆ ಅದು ಹರಿದುಹೋಗುತ್ತದೆ. ಬೇಕೆಂದವರಿಗೆ ಕರೆ ಮಾಡಬಲ್ಲದ್ದು ಫೋನು, ಮಾಡಲಾಗದ್ದು ಯಂತ್ರ ಎಂದರೆ ಸ್ವಿಚ್ಚಿನಲ್ಲೇ ಜಾರಿ ಮಾಡಬಹುದು. ಕಾರಿನಲ್ಲಿ ಕೂತವನಿಗೆ ಮಾತ್ರ ಇದು ಇಕ್ಕಟ್ಟು. ಅಪಘಾತವಾದಾಗ ಕಾರೇ ಮನೆಯವರಿಗೆ ಕರೆ ಮಾಡಬೇಕಾದರೆ, ಆ ನಂಬರು ಮೊದಲೇ ಪಟ್ಟಿಯಲ್ಲಿರಬೇಕು.

ಬಿಎಸ್‌ಎನ್‌ಎಲ್ ಪತ್ರದ ಪ್ರಕಾರ ಹಳೆಯ ಯಂತ್ರಗಳೆಲ್ಲ 2018ರ ಡಿಸೆಂಬರ್ 31ರೊಳಗೆ ಹದಿಮೂರಕ್ಕೆ ಬದಲಾಗಬೇಕಿತ್ತು. 2020ರ ಮೇ ತಿಂಗಳಲ್ಲಿ ಟ್ರಾಯ್ ಕೊಟ್ಟ ಶಿಫಾರಸು ತೆಗೆದು ನೋಡಿ. ಹತ್ತಂಕಿಯಲ್ಲಿರುವ ಎಂ ಟು ಎಂ ಸಿಮ್‌ಗಳನ್ನೆಲ್ಲ ಹದಿಮೂರಕ್ಕೆ ಸಾಗಿಸಿ ಅಂತ ಅದರಲ್ಲಿ ಮತ್ತೆ ಬರೆದಿದೆ.