ಮೊಳೆಯಿಂದ ಪಿಡಿಎಫ್‌ವರೆಗೆ: ಹಂಪಿ ಸೀಮೆಯ ಅಚ್ಚುಕೆಲಸ ಮತ್ತು ಕರಡಿನ ಕಥೆ

1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆರಂಭವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತ್ತು. ಆದರೆ ಪುಟ ಕಟ್ಟುವ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂರಿಸಲು ಎರಡು ದಶಕ ಹಿಡಿಯಿತು. ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ನೂರಾರು ಪುಸ್ತಕ ತಂದದ್ದು ಈ ನಡುವಿನ ಕಾಲದಲ್ಲೇ. ಹಾಗಾಗಿ ಈ ಸೀಮೆಯ ಮುದ್ರಣದ ಬೆಳವಣಿಗೆಯನ್ನು ನೋಡುವಾಗ ನಾನು ಯಂತ್ರಗಳಿಗಿಂತ ಮೊದಲು ಕೇಳುವ ಪ್ರಶ್ನೆ ಇದು: ಅಕ್ಷರವನ್ನು ಅಣಿಮಾಡಿದವರು ಯಾರು, ಕೊನೆಯ ಕರಡನ್ನು ಓದಿದವರು ಯಾರು?

ಬಳ್ಳಾರಿ ಸೀಮೆಗೆ ಕನ್ನಡ ಅಚ್ಚು ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಮಿಷನ್ನು ಅಲ್ಲೇ ಅಚ್ಚುಕೂಟವನ್ನೂ ನಡೆಸಿತು. ಹಂಪಿಯ ಮೇಲಿನ ಹೆಸರಾಂತ ಪುಸ್ತಕಗಳು ಮಾತ್ರ ಬಹುಕಾಲ ದೂರದ ಊರುಗಳಲ್ಲಿ ಇಂಗ್ಲಿಷಿನಲ್ಲೇ ಅಚ್ಚಾದವು. ಲಾಂಗ್‌ಹರ್ಸ್ಟ್ ಬರೆದ ‘ಹಂಪಿ ರೂಯಿನ್ಸ್’ 1917ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ಬಂತು.

ಅಚ್ಚುಮೊಳೆಯ ಕಾಲದಲ್ಲಿ ತಪ್ಪು ತಿದ್ದುವುದು ಮೈಮುರಿಯುವ ಕೆಲಸವಾಗಿತ್ತು. ಒತ್ತಕ್ಷರಕ್ಕೆ ಬೇರೆಯದೇ ಮೊಳೆ. ಒಂದು ಪದ ಸೇರಿಸಿದರೆ ಸಾಲುಗಳೇ ಸರಿಯುತ್ತಿದ್ದವು. ಆದ್ದರಿಂದಲೇ ಗ್ಯಾಲಿ ಪ್ರೂಫ್, ಪುಟದ ಪ್ರೂಫ್, ಯಂತ್ರಕ್ಕೆ ಹಾಕುವ ಮುನ್ನ ಮತ್ತೊಂದು ಪ್ರೂಫ್ ಎಂಬ ಕ್ರಮ ಬೆಳೆಯಿತು. ಮೊಳೆ ಜೋಡಿಸುವವರು ತಿರುಗುಮುರುಗಾದ ಅಕ್ಷರಗಳನ್ನೇ ಸರಾಗವಾಗಿ ಓದುವಷ್ಟು ಪಳಗಿದ್ದರು. ಲೇಖಕರ ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ತಪ್ಪುಗಳು ಅವರ ಕೈಯಲ್ಲೇ ಸರಿಹೋಗುತ್ತಿದ್ದವು.

ಕಂಪ್ಯೂಟರಿನ ಅಕ್ಷರಜೋಡಣೆ (ಡಿಟಿಪಿ) ಬಂದಾಗ ಆ ಕೈ ಮಾಯವಾಯಿತು. 1980ರ ದಶಕದಲ್ಲಿ ಕೆ.ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ, ಮುಂದೆ ‘ಶ್ರೀಲಿಪಿ’, ‘ಪ್ರಕಾಶಕ್’, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಪುಟ ಕಟ್ಟಲು ಎಲ್ಲೆಡೆ ಪೇಜ್‌ಮೇಕರ್; ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳಿಗೆ ಕೋರೆಲ್‌ಡ್ರಾ. ಬಟರ್ ಪೇಪರ್ ಮೇಲೆ ಪುಟ ತೆಗೆದು, ಅಂಟಿಸಿ, ಪ್ಲೇಟ್ ಮಾಡಿಸುತ್ತಿದ್ದರು. ಸಣ್ಣ ಊರಿನಲ್ಲೂ ಅಕ್ಷರಜೋಡಣೆ ಸಾಧ್ಯವಾದದ್ದು ಈ ಪದ್ಧತಿಯ ದೊಡ್ಡ ಉಪಕಾರ.

ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡ ಇದ್ದದ್ದು ತೋರಿಕೆಗೆ ಮಾತ್ರ. ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಅದೇ ಫಾಂಟು ಮುದ್ರಕರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಟ ತುಂಬ ಅರ್ಥವಿಲ್ಲದ ರೋಮನ್ ಗುರುತುಗಳು. ಅದಕ್ಕೇ ಅಕ್ಷರಗಳನ್ನು ‘ಕರ್ವ್’ ಮಾಡಿ ಕಳಿಸುವ ರೂಢಿ ಬಂತು. ಕರ್ವ್ ಆದ ಅಕ್ಷರ ಬರೀ ಚಿತ್ರ. ಪ್ರೆಸ್ಸಿನಲ್ಲಿ ತಪ್ಪು ಕಂಡರೂ ಅಲ್ಲೇ ತಿದ್ದಲಾಗದು. ಕರಡು ಓದುವ ಹೊಣೆ ಪೂರ್ತಿಯಾಗಿ ಕಡತ ಕಳಿಸುವವರ ಮೇಲೆ ಬಿದ್ದದ್ದು ಆಗಲೇ.

ಇದರ ಬಿಸಿ ಹೆಚ್ಚು ತಟ್ಟುವುದು ಶಾಸನಗಳಿಗೆ. ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಮತ್ತು ಹಂಪಿಯ ಶಾಸನಗಳನ್ನು ಸಂಪುಟಗಳಾಗಿ ತಂದಿದೆ. ಹಳಗನ್ನಡದ ಪಾಠಕ್ಕೆ ಱ, ೞ ಬೇಕು. ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಸ್ಥಾನವಿದ್ದರೂ ಅಲ್ಲಿ ಅದರ ಹೆಸರೇ ತಪ್ಪಾಗಿ ‘ಎಫ್‌ಎ’ ಎಂದು ದಾಖಲಾಗಿ ಹಾಗೇ ಉಳಿದಿದೆ. ಕಲ್ಲಿನಲ್ಲಿ ಅಳಿಸಿಹೋದ ಭಾಗವನ್ನು ತೋರಿಸುವ ಚುಕ್ಕಿ, ಸಂಪಾದಕರು ಊಹಿಸಿ ತುಂಬಿದ್ದನ್ನು ಸೂಚಿಸುವ ಕಂಸ, ಸಾಲಿನ ಸಂಖ್ಯೆ, ಇವೆಲ್ಲ ಪಾಠದ ಭಾಗವೇ. ಒಂದು ಕಂಸ ಬಿದ್ದುಹೋದರೆ ಊಹೆಯೇ ಶಾಸನದ ಮಾತಾಗಿಬಿಡುತ್ತದೆ. ಹಳೆಯ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯಬಹುದು, ಮಧ್ಯೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗಬಹುದು, ಅಡಿಟಿಪ್ಪಣಿಯ ಅಂಕಿ ಸಾಲಿನೊಳಗೆ ಸೇರಿಹೋಗಬಹುದು.

ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದು ಯೂನಿಕೋಡ್ ಅರಿಯದೆಯೇ ನಿಂತುಹೋಯಿತು. 2012ರ ಇನ್‌ಡಿಸೈನ್ ಸಿಎಸ್6 ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಬೆಂಬಲ ಕೊಟ್ಟಿತು. ಅಲ್ಲೂ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳಲು ಮರೆತರೆ ಒತ್ತಕ್ಷರ ಒಡೆದು ಗುಣಿತ ಚೆದುರುತ್ತದೆ. ಲೇಖಕರು ವರ್ಡ್ ಕಡತದಲ್ಲಿ ಎಷ್ಟು ಸಲ ತಿದ್ದಿದ್ದರೂ ಈ ದೋಷ ಹುಟ್ಟುವುದು ಆಮೇಲೆ. ಆದ್ದರಿಂದ ಪುಟವಿನ್ಯಾಸವಾಗಿ ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಸಿದ್ಧವಾದ ಮೇಲಿನ ಓದೇ ನಿಜವಾದ ಕರಡು ತಿದ್ದುವಿಕೆ ಎಂಬುದು ನನ್ನ ದೃಢ ಅಭಿಪ್ರಾಯ.

ಬಣ್ಣದ್ದು ಬೇರೆ ತಕರಾರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಕ್ಯಾಮೆರಾದಲ್ಲಿ ಹಿಡಿದಾಗ ಈ ಚಿಂತೆ ಇರಲಿಲ್ಲ. ಇಂದು ಸಂಜೆಗೆಂಪಿನ ಬಂಡೆಗಳು ಫೋನಿನ ಪರದೆಯಲ್ಲಿ ಹೊಳೆದಷ್ಟು ನಾಲ್ಕು ಶಾಯಿಯ ಅಚ್ಚಿನಲ್ಲಿ ಹೊಳೆಯುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಕೆಂಪು, ನೀಲಿಗಳೂ ಹಾಗೆಯೇ. ಚಿತ್ರವನ್ನು ಆ ನಾಲ್ಕು ಶಾಯಿಗಳ ಸಿಎಂವೈಕೆ ಕ್ರಮಕ್ಕೆ ಬದಲಿಸಿ, ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ ಇದೆಯೇ ಎಂದು ನೋಡಿ, ಬಣ್ಣದ ಪ್ರೂಫನ್ನು ಆ ಬಟ್ಟೆಯ ಪಕ್ಕದಲ್ಲೇ ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು.

ಬಳ್ಳಾರಿಯ ಲೋಹಿಯಾ ಪ್ರಕಾಶನ, ಎಮ್ಮಿಗನೂರು ಬಳಿಯ ಚನ್ನಪಟ್ಟಣದ ಪಲ್ಲವ ಪ್ರಕಾಶನ, ಹೊಸಪೇಟೆಯ ಯಾಜಿ ಪ್ರಕಾಶನದಂಥವು ಈ ಭಾಗದಿಂದಲೇ ನಾಡಿನ ಓದುಗರನ್ನು ಮುಟ್ಟಿವೆ. ಪುಟಗಳು ಮಿಂಚಂಚೆಯಲ್ಲೇ ಹೋಗುವ ಈ ಕಾಲದಲ್ಲಿ ಪ್ರೆಸ್ಸು ಊರಲ್ಲೇ ಇರಬೇಕೆಂದಿಲ್ಲ. ಆದರೆ ಪ್ರೆಸ್ಸು ದೂರವಾದಷ್ಟೂ ಕಡತ ಚೊಕ್ಕಟವಾಗಿರಬೇಕು: ಅಂಚಿನಲ್ಲಿ ಕತ್ತರಿಸಿ ಹೋಗುವ 3 ಮಿ.ಮೀ. ಬ್ಲೀಡ್, 16 ಪುಟಗಳ ಫಾರಮ್ಮಿಗೆ ಹೊಂದುವ ಪುಟಸಂಖ್ಯೆ, ಯಾವುದು ಅಂತಿಮವೆಂದು ಗೊಂದಲವಿಲ್ಲದ ಕಡತದ ಹೆಸರು.

1990ರ ದಶಕದ ಪುಸ್ತಕಗಳು ಮರುಮುದ್ರಣಕ್ಕೆ ಬಂದಾಗ ಪರಿವರ್ತಕ ತಂತ್ರಾಂಶವನ್ನಷ್ಟೇ ನಂಬಬಾರದು. ಹೊಸ ಪಿಡಿಎಫನ್ನು ಕಾಗದಕ್ಕೆ ತೆಗೆದು, ಮೊದಲ ಮುದ್ರಣದ ಪ್ರತಿಯನ್ನು ಎದುರಿಟ್ಟು, ಒಬ್ಬರು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಗುರುತು ಹಾಕುತ್ತ ಹೋಗಬೇಕು. ಶಾಸನ ಸಂಪುಟವಾದರೆ ಆ ಇಬ್ಬರಲ್ಲಿ ಒಬ್ಬರಿಗಾದರೂ ಹಳಗನ್ನಡ ಬರಬೇಕು. ಅವರ ಸಂಬಳವನ್ನು ಕಾಗದ, ಶಾಯಿಯ ಲೆಕ್ಕದ ಜೊತೆಗೇ ಮುದ್ರಣದ ಅಂದಾಜಿನಲ್ಲಿ ಬರೆಯಬೇಕು.